ಅಮ್ಮಂಗೆ ಮಾತ್ರೆ ದಿನ ಬಿಟ್ಟು ದಿನ ಯಾಕೆ?

ಪ್ರಶ್ನೆ: ಅಮ್ಮಂಗೆ 70 ವರ್ಷ, ತೂಕ 45 ಕೆಜಿ. ಯೂರಿನ್ ಇನ್ಫೆಕ್ಷನ್ ಆಗಿ ಶಿವಮೊಗ್ಗದಲ್ಲಿ ತೋರ್ಸಿದ್ವಿ, ಕ್ರಿಯಾಟಿನಿನ್ (ಮಾಂಸಖಂಡದಲ್ಲಿ ಹುಟ್ಟಿ ಕಿಡ್ನಿ ಹೊರಗೆ ಹಾಕೋ ಕಸ) 1.5 ಬಂತು. ಡಾಕ್ಟ್ರು ಲಿವೋಫ್ಲಾಕ್ಸಸಿನ್ 750 ದಿನ ಬಿಟ್ಟು ದಿನ ಬರ್ದಿದಾರೆ. ಪಕ್ಕದ್ಮನೆಯವ್ರಿಗೆ ಅದೇ ಮಾತ್ರೆ ದಿನಾ ಒಂದು ಕೊಟ್ಟಿದ್ರು. ನಾವೂ ದಿನಾ ಕೊಡ್ಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಕೊಡ್ಬೇಡಿ, ಚೀಟಿಲಿ ಇರೋದು ಸರಿಯಾಗೇ ಇದೆ. ಈ ಮಾತ್ರೆಯ ಬಹುಪಾಲು ಹೇಗೆ ಒಳಗೆ ಹೋಯ್ತೋ ಹಾಗೇ ಕಿಡ್ನಿ ಮೂಲಕ ಮೂತ್ರದಲ್ಲಿ ಹೊರಗೆ ಹೋಗತ್ತೆ. ಕಿಡ್ನಿ ಗಟ್ಟಿ ಇದ್ದವ್ರಲ್ಲಿ ರಕ್ತದಲ್ಲಿರೋ ಔಷಧಿ ಅರ್ಧಕ್ಕೆ ಇಳಿಯೋಕೆ 6ರಿಂದ 8 ಗಂಟೆ ಸಾಕು, ನಿಮ್ಮಮ್ಮನಂಥವ್ರಲ್ಲಿ ಅದಕ್ಕೇ ಸುಮಾರು 27 ಗಂಟೆ ಬೇಕು. ಅಡಿಕೆ ತೋಟದಲ್ಲಿ ಬಸಿಗಾಲುವೆ ಹೂತೋಗಿದ್ರೆ ನೀರು ನಿಂತೇ ಇರತ್ತಲ್ಲ, ಅದ್ರ ಮೇಲೆ ದಿನಾ ನೀರು ಬಿಟ್ರೆ ಬೇರು ಕೊಳೆಯತ್ತೆ, ಹಾಗೇ ಇದೂನೂ. ಆದ್ರೆ ಮೊದಲ್ನೇ ಡೋಸ್ ಪೂರ್ತಿನೇ ಬೇಕು, ಖಾಲಿ ಮೈಯಲ್ಲಿ ಔಷಧಿ ಮಟ್ಟ ಏರ್ಬೇಕಲ್ವಾ, ಅದಕ್ಕೇ ಮಾತ್ರೆ ಚಿಕ್ಕದು ಮಾಡ್ದೆ ನಡುವಿನ ಅಂತರ ಜಾಸ್ತಿ ಮಾಡಿರೋದು.

‘1.5 ಅಂದ್ರೆ ಸ್ವಲ್ಪನೇ ಜಾಸ್ತಿ’ ಅಂತ ತುಂಬಾ ಜನ ಸುಮ್ನಾಗ್ತಾರೆ, ನಂಗೆ ಭಯ ಆಗೋದು ಅಲ್ಲೇ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿ.ಲೀ. ರಕ್ತದಿಂದ ಈ ಕಸ ತೆಗೀತಿದೆ ಅನ್ನೋ ಅಂದಾಜಿನ ಲೆಕ್ಕ ನೋಡಿ: 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸ್ಬೇಕು, ಹೆಂಗಸರಾದ್ರೆ ಮತ್ತೆ 0.85ರಿಂದ ಗುಣಿಸ್ಬೇಕು. ನಿಮ್ಮಮ್ಮಂಗೆ ಬರೋದು ಹತ್ತಿರ ಹತ್ತಿರ 25. ಅದೇ 1.5 ಇರೋ 35 ವರ್ಷದ, 70 ಕೆಜಿ ಗಂಡಸಿಗೆ 68! ರಿಪೋರ್ಟಲ್ಲಿ ನಂಬರ್ ಒಂದೇ, ಕಿಡ್ನಿ ಒಂದೇ ಅಲ್ಲ. ವಯಸ್ಸಾಗಿ ಮಾಂಸಖಂಡ ಕರಗಿದವ್ರಲ್ಲಿ ಕ್ರಿಯಾಟಿನಿನ್ ಹುಟ್ಟೋದೇ ಕಮ್ಮಿ, ಹಾಗಾಗಿ ಕಿಡ್ನಿ ಎಷ್ಟು ಸೋತಿದೆ ಅಂತ ಅದು ಪೂರ್ತಿ ಹೇಳಲ್ಲ. ಈ ಮಾತ್ರೆಗೆ ಲೆಕ್ಕ 50ಕ್ಕಿಂತ ಕೆಳಗೆ ಬಂದ್ರೆ ಡೋಸ್ ಬದಲಾಯಿಸ್ಬೇಕು.

ಎಲ್ಲಾ ಆಂಟಿಬಯಾಟಿಕ್ಕಿಗೂ ಹೀಗಲ್ಲ. ಇಲಿ ಜ್ವರಕ್ಕೆ ನಮ್ಮ ಕಡೆ ಕೊಡೋ ಡಾಕ್ಸಿಸೈಕ್ಲಿನ್‌ಗೆ ಕಿಡ್ನಿ ನೋಡಿ ಡೋಸ್ ಇಳಿಸೋ ಅಗತ್ಯ ಇಲ್ಲ. ಜೆಂಟಾಮೈಸಿನ್ ಇಂಜೆಕ್ಷನ್ ಮಾತ್ರ ತುಂಬಾ ಹುಷಾರು, ಮೈಯಲ್ಲಿ ನಿಂತ್ರೆ ಕಿಡ್ನಿಗೂ ಕಿವಿಗೂ ಪೆಟ್ಟು.

ಅಮ್ಮಂಗೆ ಮಾತು ತಡವರಿಸಿದ್ರೆ, ಗೊಂದಲ ಆದ್ರೆ, ಹಿಮ್ಮಡಿ ಮೇಲೆ ನರ ಹಿಡ್ದಂಗೆ ನೋವು ಬಂದ್ರೆ ಮುಂದಿನ ಮಾತ್ರೆ ಕೊಡ್ದೆ ತಕ್ಷಣ ಡಾಕ್ಟ್ರಿಗೆ ಹೇಳಿ. ಗ್ಯಾಸ್ಟ್ರಿಕ್ ಸಿರಪ್ಪು, ಕಬ್ಬಿಣದ ಮಾತ್ರೆ ಇದ್ರೆ 2 ಗಂಟೆ ಅಂತರ ಇಡಿ. ಸೊಂಟನೋವಿಗೆ ಅಂತ ಡೈಕ್ಲೋಫೆನಾಕ್ ಬೇಡವೇ ಬೇಡ. ಮಾತ್ರೆ ಕೊಟ್ಟ ದಿನ ಗೋಡೆ ಕ್ಯಾಲೆಂಡರ್‌ನಲ್ಲಿ ತಾರೀಖಿಗೆ ಸುತ್ತು ಹಾಕಿಡಿ, ಮನೇಲಿ ಗೊತ್ತಿಲ್ದೆ ಇಬ್ಬರೂ ಕೊಟ್ಟುಬಿಡೋದು ತಪ್ಪತ್ತೆ.