ಬೇರೆ ಬೇರೆ ಕಾಮಿಕ್ಸ್‌ಗಳ ನಾಯಕರು ಒಂದುಗೂಡುವ ಕ್ರಾಸ್‌ಓವರ್ ಕಥೆಯಲ್ಲಿ ಎಷ್ಟು ಸೂಪರ್‌ಹೀರೋಗಳು ಸತ್ತರೆ ಓದುಗರ ಕಣ್ಣು ತುಂಬುತ್ತದೆ?

ಬಳ್ಳಾರಿಯಲ್ಲಿ ಕಾಲೇಜು ಓದುವಾಗ ನಾನೂ ಇದೇ ಲೆಕ್ಕ ಹಾಕುತ್ತಿದ್ದೆ. ನಾನು ಮತ್ತು ನನ್ನ ಗೆಳೆಯ ಬೇರೆ ಬೇರೆ ಕಾಮಿಕ್ಸ್ ರಚಿಸಿ, ಜೆರಾಕ್ಸ್ ಮಾಡಿಸಿ, ಹಾಸ್ಟೆಲಿನಲ್ಲಿ ಹಂಚುತ್ತಿದ್ದೆವು. ಅವನ ನಾಯಕ ಸಂಡೂರಿನ ಅದಿರು ಲಾರಿಯ ಕ್ಲೀನರ್. ಮೈಗೆ ಕೆಂಪು ಧೂಳು ಮೆತ್ತಿದಷ್ಟೂ ಅವನ ಬಲ ಹೆಚ್ಚುತ್ತಿತ್ತು. ಪ್ರತಿ ಸಂಚಿಕೆಯ ಕೊನೆಯಲ್ಲಿ ಆತ ತಂಗಿಯ ಫೀಸಿಗೆಂದು ತನ್ನ ಕೂಲಿಯಲ್ಲಿ ಒಂದಿಷ್ಟು ತೆಗೆದಿಡುತ್ತಿದ್ದ. ಹುಡುಗರು ಹೊಡೆದಾಟಕ್ಕಿಂತ ಹೆಚ್ಚಾಗಿ ಆ ಚಿತ್ರಕ್ಕಾಗಿ ಕಾಯುತ್ತಿದ್ದರು.

ನಮ್ಮ ನಾಯಕರೆಲ್ಲ ತುಂಗಭದ್ರಾ ಅಣೆಕಟ್ಟೆಯನ್ನು ಉಳಿಸಲು ಒಂದುಗೂಡುವ ಕಥೆಯನ್ನು ನಾನು ಬರೆದೆ. 33 ಕ್ರೆಸ್ಟ್ ಗೇಟುಗಳೂ ಒಮ್ಮೆಲೇ ಮುರಿಯುವಂತೆ ಮಾಡಿದೆ, ಸಾಲುಸಾಲಾಗಿ ಹೆಣಗಳನ್ನು ಬೀಳಿಸಿದೆ. ಖಳನ ಶಕ್ತಿ ಎಷ್ಟೆಂದು ತೋರಿಸುವುದಕ್ಕಾಗಿಯೇ, ಪುಟದ ಮೂಲೆಯ ಒಂದು ಚೌಕದಲ್ಲಿ, ಆ ಕ್ಲೀನರನನ್ನೂ ಕೊಂದೆ. ಅವನು ಸಾಯಬಾರದಿತ್ತೆಂದು ನಾನು ಹೇಳುತ್ತಿಲ್ಲ. ಯಾರನ್ನೋ ಉಳಿಸಲೆಂದು ತಾನೇ ಮುಂದೆ ಬರುವ ಅವಕಾಶವನ್ನು ನಾನು ಅವನಿಗೆ ಕೊಡಲಿಲ್ಲ; ತಂಗಿಯನ್ನು ಕಥೆಯೊಳಕ್ಕೆ ಕರೆತರಲೇ ಇಲ್ಲ; ಮರುಪುಟದಲ್ಲಿ ಉಳಿದ ನಾಯಕರು ಅವನ ಹೆಸರನ್ನೂ ಎತ್ತದೆ ಕಾದಾಟ ಮುಂದುವರಿಸಿದರು. ಗೆಳೆಯನನ್ನು ಒಂದು ಮಾತು ಕೇಳಲೂ ಇಲ್ಲ. “ನನ್ನ ಕೇಳದಂಗ ಅವನ್ನ ಯಾಕ ಸಾಯ್ಸಿದ್ಯೋ?” ಎಂದಷ್ಟೇ ಅಂದವನು ಮತ್ತೆ ನನ್ನ ಜೊತೆ ಚಿತ್ರ ಬರೆಯಲಿಲ್ಲ.

ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೆಜ್ ಚಿತ್ರಿಸಿದ, 1985–86ರಲ್ಲಿ 12 ಸಂಚಿಕೆಗಳಲ್ಲಿ ಬಂದ ‘ಕ್ರೈಸಿಸ್ ಆನ್ ಇನ್ಫಿನೈಟ್ ಅರ್ಥ್ಸ್’ ಎಂಬ ಡಿಸಿ ಕಾಮಿಕ್ಸ್‌ನ ಕ್ರಾಸ್‌ಓವರ್ ಅನ್ನು ಆಮೇಲೆ ಓದಿದಾಗ ನನಗೆ ಇದೆಲ್ಲ ಸ್ಪಷ್ಟವಾಯಿತು. ಅದರಲ್ಲಿ ಬ್ರಹ್ಮಾಂಡಗಳೇ ಅಳಿದುಹೋಗುತ್ತವೆ. ಆದರೆ ಓದುಗನ ಎದೆ ಭಾರವಾಗುವುದು 7ನೇ ಸಂಚಿಕೆಯಲ್ಲಿ, ಅಣ್ಣನಂಥ ಸೂಪರ್‌ಮ್ಯಾನನನ್ನು ಉಳಿಸಲು ಹೋರಾಡಿದ ಸೂಪರ್‌ಗರ್ಲ್ ಅವನ ತೋಳಿನಲ್ಲಿಯೇ ಪ್ರಾಣ ಬಿಟ್ಟಾಗ. ಆಕೆ ಓದುಗರಿಗೆ 1959ರಿಂದ ಪರಿಚಿತಳು. ಮುಂದಿನ ಸಂಚಿಕೆಯಲ್ಲಿ ಮಿಂಚಿನ ವೇಗದ ನಾಯಕ ಫ್ಲ್ಯಾಶ್ ಆದ ಬ್ಯಾರಿ ಆಲೆನ್ ಯಾರೂ ನೋಡದ ಕಡೆ ಓಡಿ ಓಡಿ ಸಾಯುತ್ತಾನೆ. ಅವನ ಶಿಷ್ಯ ವಾಲಿ ವೆಸ್ಟ್ ಕೊನೆಯ ಸಂಚಿಕೆಯಲ್ಲಿ ಅದೇ ಉಡುಪು ತೊಟ್ಟಾಗ ಆ ಸಾವಿಗೊಬ್ಬ ವಾರಸುದಾರ ಸಿಗುತ್ತಾನೆ.

ಇನ್ನು ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ಏಕೆಂದರೆ ಸಾವೇ ಬೇಕೆಂದಿಲ್ಲ. ಸೂಪರ್‌ಹೀರೋಗಳೇ ಎರಡು ಬಣಗಳಾಗಿ ಕಾದಾಡುವ, ಮಾರ್ವೆಲ್ ಕಾಮಿಕ್ಸ್‌ನ 2006–07ರ ‘ಸಿವಿಲ್ ವಾರ್’ನ ಕೊನೆಯಲ್ಲಿ, ಗೆಲುವಿನ ಅಂಚಿನಲ್ಲಿದ್ದ ಕ್ಯಾಪ್ಟನ್ ಅಮೆರಿಕನನ್ನು ಸಾಮಾನ್ಯ ಜನರು ಹಿಡಿದು ತಡೆಯುತ್ತಾರೆ, ಹಾಳಾದ ಊರನ್ನು ಕಣ್ಣಾರೆ ಕಂಡ ಅವನು ಮುಸುಕು ತೆಗೆದು ಶರಣಾಗುತ್ತಾನೆ. ಆ ಸಂಪುಟದಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದ್ದು ಅದೇ ದೃಶ್ಯ.

ಆದ್ದರಿಂದ ಸಾಯುವವರ ಪಟ್ಟಿಯನ್ನು ಹರಿದುಹಾಕಿ, ಒಬ್ಬನನ್ನು ಮಾತ್ರ ಆರಿಸಿಕೊಳ್ಳಿ. ಅವನನ್ನು ಕಳೆದುಕೊಳ್ಳುವವರು ಯಾರೆಂದು ಮೊದಲೇ ತೋರಿಸಿ, ಮತ್ತು ಅವನು ಹೋದ ಮೇಲೆ ಅವರಿಗಾಗಿ ಒಂದು ಪೂರ್ತಿ ಪುಟವನ್ನು ಬಿಡಿ. ಪಾತ್ರ ಬೇರೆಯವರದಾಗಿದ್ದರೆ, ಬರೆಯುವ ಮುಂಚೆ ಅವರೊಂದಿಗೆ ಕುಳಿತು ಮಾತನಾಡಿ.