ಸಂಪಾದಕರ ಉತ್ತರ: ತಮ್ಮನನ್ನು ಊರಿಗೆ ಕರೆತರುವ ಮೊದಲು

ತೀರ್ಥಹಳ್ಳಿ ಕಡೆಯ ಅಕ್ಕನೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಕೆಲಸಕ್ಕೆಂದು ದೆಹಲಿಗೆ ಹೋದ ಅವರ ತಮ್ಮ ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ. ಈಗ ಒಂದು ಸರ್ಕಾರಿ ಕೇಂದ್ರದಲ್ಲಿ ದಿನಾ ಮೆಥಡೋನ್ ಕುಡಿಸುತ್ತಾರೆ, ಹೆರಾಯಿನ್ ಬಿಟ್ಟವರಿಗೆ ಅದರ ಬದಲಿಗೆ ಕೊಡುವ ಔಷಧಿ ಅದು. ಬಾಡಿಗೆ ಮನೆ ಹೋಯಿತು, ಮಲಗುವುದು ಫ್ಲೈಓವರ್ ಕೆಳಗೆ. ಕಿವಿಯಲ್ಲಿ ಯಾರೋ ಮಾತಾಡುತ್ತಾರಂತೆ, ಅದಕ್ಕೆ ಬೇರೆ ಮಾತ್ರೆ. ವಾರಕ್ಕೆ ಎರಡು ದಿನವಾದರೂ ಮೆಥಡೋನ್ ತಪ್ಪಿಸುತ್ತಾನೆ. "ಅದೂ ಒಂದು ಚಟವೇ ಅಲ್ವಾ ಸಾರ್? ಅಡಿಕೆ ಮನೆ ಪಕ್ಕದ ಕೋಣೆ ಖಾಲಿ ಇದೆ. ಆ ಔಷಧಿ ಬಿಡಿಸಿ ಕರ್ಕೊಂಡು ಬಂದುಬಿಡ್ಲಾ? ಊರವರು ಕೇಳಿದ್ರೆ ಏನು ಹೇಳ್ಲಿ?"

ಅಕ್ಕಾ, ಬಿಡಿಸಬೇಡಿ. ನಾನು ಡಾಕ್ಟರಲ್ಲ, ಆದರೆ ನಿಮ್ಮ ಹೆಸರು ಹೇಳದೆ ಇಬ್ಬರು ಮನೋವೈದ್ಯರ ಹತ್ತಿರ ಕೂತು ಮಾತಾಡಿಯೇ ಇದನ್ನು ಬರೆಯುತ್ತಿದ್ದೇನೆ.

ಇದು ಇನ್ನೊಂದು ಚಟ ಅಲ್ಲ. ಹೆರಾಯಿನ್ ಕೆಲವೇ ಗಂಟೆಯಲ್ಲಿ ಇಳಿದು ಮೈ ಹಿಂಡಲು ಶುರುಮಾಡುತ್ತದೆ, ಆಮೇಲೆ ಮನುಷ್ಯನಿಗೆ ಬೇರೆ ಯೋಚನೆಯೇ ಇರುವುದಿಲ್ಲ. ಮೆಥಡೋನ್ ನಿಧಾನದ್ದು. ಸರಿಯಾದ ಪ್ರಮಾಣದಲ್ಲಿ ಒಂದು ಸಲ ಕುಡಿದರೆ ಒಂದು ದಿನ ಪೂರ್ತಿ ತಡೆಯುತ್ತದೆ, ಮತ್ತೇರಿಸುವುದೂ ಇಲ್ಲ. ನ್ಯೂಯಾರ್ಕ್‌ನಲ್ಲಿ ಡೋಲ್ ಮತ್ತು ನೈಸ್ವಾಂಡರ್ ಎಂಬ ಇಬ್ಬರು ವೈದ್ಯರು 1964ರ ಹೊತ್ತಿಗೇ ಹೀಗೆ ಕೊಡಲು ಶುರುಮಾಡಿದ್ದರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಈಗ ತಪ್ಪಿಸುವ ವಿಷಯ. ನೀವು "ಹಠಮಾರಿ" ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸಲಿಲ್ಲ.

ನಮ್ಮ ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಶಟರ್ ಮುಂದೆ ಮಲಗುವ ಒಬ್ಬರಿದ್ದಾರೆ. ಅವರಿಗೂ ಮನಸ್ಸಿನ ಕಾಯಿಲೆ. ಒಂದು ತಿಂಗಳ ಮಾತ್ರೆ ಒಟ್ಟಿಗೇ ಕೊಟ್ಟು ಕಳಿಸಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಲೆದಿಂಬಿನ ಹಾಗೆ ಇಟ್ಟುಕೊಂಡು ಮಲಗುತ್ತಿದ್ದರು. ಜುಲೈ ಮಳೆ, ನಿಮಗೆ ಗೊತ್ತಲ್ಲ. ಒಂದು ಬೆಳಿಗ್ಗೆ ಟೀ ಕುಡಿಯಲು ಹೋದಾಗ ನೋಡಿದೆ, ಮಾತ್ರೆಯ ಕಾಗದದ ಚೀಟಿ ಮುದ್ದೆಯಾಗಿ ನೀಲಿ ಶಾಯಿ ಕೈಗೆಲ್ಲ ಹತ್ತಿತ್ತು, ಮಾತ್ರೆಗಳು ಕರಗಿ ಕವರಿಗೇ ಅಂಟಿಕೊಂಡಿದ್ದವು, ಅವರು ಅದನ್ನು ಬೆರಳಲ್ಲಿ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಔಷಧಿ ಬೇಡ ಅನ್ನುವವರು ಹಾಗೆ ಮಾಡ್ತಾರಾ?

ಆ ಲೆಕ್ಕದಲ್ಲಿ ಮೆಥಡೋನ್ ಬೀದಿಯವರಿಗೆ ವಾಸಿ. ಕೇಂದ್ರದ ಕಿಟಕಿಯಲ್ಲಿ ನಿಂತು ಅವರ ಎದುರಿಗೇ ಕುಡಿಯುವುದು, ನೆನೆಯುವುದಿಲ್ಲ, ಕಳುವಾಗುವುದಿಲ್ಲ. ತೊಂದರೆ ಏನೆಂದರೆ ದಿನಾ ಹೋಗಲೇಬೇಕು, ಅದೂ ಅವರು ಹೇಳಿದ ಹೊತ್ತಿಗೆ. ರಾತ್ರಿ ನಿದ್ದೆಯಿಲ್ಲದೆ, ಚಪ್ಪಲಿ ಕಳೆದುಕೊಂಡು, ಕಿವಿಯಲ್ಲಿ "ಅದರಲ್ಲಿ ವಿಷ ಇದೆ" ಅಂತ ಒಬ್ಬ ಹೇಳುತ್ತಿರುವಾಗ, ಐದು ದಿನ ಹೋದನಲ್ಲ ನಿಮ್ಮ ತಮ್ಮ! ಅದನ್ನು ಮೊದಲು ಲೆಕ್ಕಕ್ಕೆ ಹಿಡಿಯಿರಿ.

ಹಾಗಾಗಿ ಆ ಕೇಂದ್ರದವರನ್ನು ಹೀಗೆ ಕೇಳಿ. ಮನಸ್ಸಿನ ಕಾಯಿಲೆಯ ಮಾತ್ರೆಯನ್ನೂ ಅದೇ ಕಿಟಕಿಯಲ್ಲಿ, ಮೆಥಡೋನ್ ಜೊತೆಗೇ ದಿನಾ ಕೊಡಲಾದೀತಾ? ಇಲ್ಲವೇ ಎರಡು ಮೂರು ವಾರಕ್ಕೋ ತಿಂಗಳಿಗೋ ಒಮ್ಮೆ ಹಾಕುವ ಇಂಜೆಕ್ಷನ್ ಇದೆ, ಅದು ಅವನಿಗೆ ಹೊಂದುತ್ತದಾ? ಇನ್ನೊಂದು ಮುಖ್ಯ ಮಾತು, ಎರಡೂ ಡಾಕ್ಟರಿಗೆ ಎರಡೂ ಚೀಟಿ ತೋರಿಸಲೇಬೇಕು. ಫಿಟ್ಸ್‌ಗೂ ಕೆಲವು ಮನಸ್ಸಿನ ಕಾಯಿಲೆಗೂ ಕೊಡುವ ಕಾರ್ಬಮಜೆಪಿನ್ ಎಂಬ ಮಾತ್ರೆ ಮೆಥಡೋನ್ ಬಲವನ್ನೇ ತಗ್ಗಿಸುತ್ತದೆ. ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳು ಇದರ ಜೊತೆ ಸೇರಿದರೆ ಎದೆಬಡಿತ ಏರುಪೇರಾಗಬಹುದು, ಅದಕ್ಕೇ ಇಸಿಜಿ ಮಾಡಿಸುತ್ತಾರೆ. ನಿದ್ದೆ ಮಾತ್ರೆ, ಹೆಂಡ ಸೇರಿದರೆ ಉಸಿರೇ ನಿಲ್ಲಬಹುದು. ದುಡ್ಡಿನ ಮಾತು ಬಂದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೆಯಿಲ್ಲದವರಿಗೆ ಸರ್ಕಾರಿ ಕಡೆ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಉಚಿತ. ಕೇಳಿ ಪಡೆಯಿರಿ, ಸಂಕೋಚ ಬೇಡ.

ಕೋಣೆ ವಿಷಯ. ತಮ್ಮನಿಗೆ ಸೂರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂರು ಸಿಕ್ಕ ಕೂಡಲೇ ಎಲ್ಲ ಸರಿಹೋಗುತ್ತದೆ ಅನ್ನಬೇಡಿ. ಕೆನಡಾದ ವ್ಯಾಂಕೂವರ್‌ನಲ್ಲಿ ಇಂಥವರಿಗೇ ಮನೆ ಕೊಟ್ಟು ನೋಡಿದರು. ಮನೆಯಲ್ಲಿ ಬಹಳ ಜನ ನಿಂತರು, ಮೆಥಡೋನ್ ತಪ್ಪಿಸುವುದು ಮಾತ್ರ ಅದರಿಂದ ಕಡಿಮೆಯಾಗಲಿಲ್ಲ. ನಿಮ್ಮ ತೋಟದಿಂದಂತೂ ಮೆಥಡೋನ್ ಕೊಡುವ ಕಿಟಕಿ ಬಹಳ ದೂರ. ದೆಹಲಿಯಿಂದ ರೈಲಿನಲ್ಲೇ ಸುಮಾರು ಎರಡು ದಿನ, ಇಳಿದ ಮೇಲೆ ಔಷಧಿ ಇಲ್ಲ. ಮೈ ನೋವು, ಭೇದಿ, ನಿದ್ದೆಯಿಲ್ಲ, ಕಿವಿಯ ಮಾತು ಜಾಸ್ತಿ. ತಡೆಯಲಾರದೆ ವಾಪಸ್ ಓಡಿಹೋಗಿ ಹಳೇ ಅಳತೆಯಲ್ಲೇ ಹೆರಾಯಿನ್ ತಗೊಂಡರೆ, ಆಗ ಮೈಗೆ ಆ ತಾಕತ್ತು ಉಳಿದಿರುವುದಿಲ್ಲ. ಜೀವ ಹೋಗುವುದು ಹೀಗೆಯೇ. ಮೂರು ನಾಲ್ಕು ದಿನ ತಪ್ಪಿದವರಿಗೆ ಕೇಂದ್ರದವರೂ ಮೆಥಡೋನ್ ಪ್ರಮಾಣ ಇಳಿಸಿ ಶುರುಮಾಡುವುದು ಇದೇ ಕಾರಣಕ್ಕೆ.

ನಮ್ಮ ದೇಶದಲ್ಲಿ ಹೆಚ್ಚು ಕಡೆ ಇದರ ಬದಲು ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡುತ್ತಾರೆ. ಇಲ್ಲಿಗೆ ಬರುವುದಾದರೆ ಅದಕ್ಕೆ ಬದಲಾಗಬೇಕಾದೀತು. ಅವಸರದಲ್ಲಿ ಆಗುವ ಕೆಲಸ ಅಲ್ಲ, ಮೆಥಡೋನ್ ನಿಧಾನ ಇಳಿಸಿ, ಮಧ್ಯೆ ಬಿಡುವು ಕೊಟ್ಟು ಡಾಕ್ಟರೇ ಮಾಡಬೇಕು. ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲೂ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಿಚಾರಿಸಿ. ಯಾವ ದಿನದಿಂದ, ಎಲ್ಲಿ, ಯಾರು ಕೊಡುತ್ತಾರೆ ಅನ್ನುವುದು ಚೀಟಿಯಲ್ಲಿ ಬರೆದು ಕೈಗೆ ಬಂದ ಮೇಲೆ ರೈಲು ಟಿಕೆಟ್ ತೆಗೆಸಿ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಯಾರದಾದರೂ ಫೋನಿಗೆ ಕರೆ ಮಾಡಿ "ಹೋದ್ಯೇನೋ, ಕುಡಿದ್ಯೇನೋ" ಅಂತ ಕೇಳಿ, ಬೈಯಬೇಡಿ.

ಊರವರು ಕೇಳಿದರೆ, ದೆಹಲಿಯಲ್ಲಿ ಔಷಧಿ ನಡೀತಾ ಇದೆ, ಮುಗಿದ ಮೇಲೆ ಬರ್ತಾನೆ ಅನ್ನಿ. ಸುಳ್ಳೇನಲ್ಲವಲ್ಲ.