ಶನಿವಾರ ಭಾನುವಾರ ಏನು ಮಾಡ್ತೀರಿ ಅಂತ ಕೇಳಿದ ತಮ್ಮನಿಗೆ

ನಿನ್ನ ಪ್ರಶ್ನೆ ಓದಿದೆ ತಮ್ಮಾ. ಮಂಡ್ಯದ ಪಿಇಎಸ್‌ನಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ಈಗ ಕೆಲಸಕ್ಕೆ ಅಂತ ಕೊಡುವ ಎಚ್-1ಬಿ ವೀಸಾದಲ್ಲಿ ನ್ಯೂಜೆರ್ಸಿಗೆ ಹೊರಟಿದ್ದೀಯ. ಬಾಡಿಗೆ ಎಷ್ಟು, ಚಳಿ ಹೇಗೆ, ಕಾರು ಬೇಕಾ ಅಂತೆಲ್ಲ ಕೇಳಿ, ಕೊನೆಗೆ "ಅಣ್ಣಾ, ವಾರದ ಕೊನೆಗೆ ಹೊತ್ತು ಹೋಗುತ್ತಾ? ನಮ್ಮ ಸಿನಿಮಾ ನೋಡೋಕೆ ಸಿಗುತ್ತಾ?" ಅಂತ ಸೇರಿಸಿದ್ದೀಯ.

ಬಾಡಿಗೆ ಜಾಸ್ತಿ, ಇಬ್ಬರು ಮೂವರು ಸೇರಿ ಮನೆ ಮಾಡು. ಜಾಕೆಟ್ ಅಲ್ಲಿ ಕೊಳ್ಳಬೇಡ, ಇಲ್ಲಿ ಬಂದು ತಗೋ. ಕಾರು ಬೇಕು. ಮಿಕ್ಕಿದ್ದನ್ನು ನಿನ್ನ ಕಂಪನಿಯವರೇ ಹೇಳುತ್ತಾರೆ. ಸಿನಿಮಾ ವಿಷಯ ಅವರು ಹೇಳಲ್ಲ, ಅದನ್ನು ನಾನು ಹೇಳುತ್ತೇನೆ.

ದೊಡ್ಡ ಕನ್ನಡ ಸಿನಿಮಾ ಆದರೆ ಇಲ್ಲಿನ ಮಲ್ಟಿಪ್ಲೆಕ್ಸ್‌ಗೂ ಬರುತ್ತೆ. ಆದರೆ ಕೆಲವೇ ಆಟ. ಮುಂದಿನ ವಾರ ನೋಡೋಣ ಅಂದರೆ ಹೋಯಿತು. ಸಂಜಯ ಟಾಕೀಸಿನ ಮುಂದೆ ಕಟೌಟಿಗೆ ಹಾಲು ಸುರಿಯೋದನ್ನು ನೋಡಿ ಬೆಳೆದವನು ನೀನು. ಇಲ್ಲಿ ಹೀರೊ ಬಂದಾಗ ಶಿಳ್ಳೆ ಹೊಡೆದರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಾರೆ. ಹೊಡಿ, ಪರವಾಗಿಲ್ಲ, ನಾವೂ ಹೊಡೆಯುತ್ತೇವೆ. ಟೊರೆಂಟ್‌ನಲ್ಲಿ ಕದ್ದು ಡೌನ್‌ಲೋಡ್ ಮಾಡೋ ತಂಟೆಗೆ ಮಾತ್ರ ಹೋಗಬೇಡ. ಇಂಟರ್ನೆಟ್ ಕಂಪನಿಯಿಂದ ನೋಟಿಸ್ ಬರುತ್ತೆ.

ಈ ವಾರ ಮನೆಯವರೆಲ್ಲ ಬಾಸ್ಟನ್‌ಗೆ ಹೋಗಿದ್ದರು. ರಿಮೋಟ್ ನನ್ನದೇ. ಶುಕ್ರವಾರ ರಾತ್ರಿ 'ಪರ್ಫೆಕ್ಟ್ ಡೇಸ್' ಹಾಕಿದೆ. ಟೋಕಿಯೋದಲ್ಲಿ ಸಾರ್ವಜನಿಕ ಶೌಚಾಲಯ ತೊಳೆಯುವ ಒಬ್ಬ ಮನುಷ್ಯನ ದಿನಚರಿ, ಅಷ್ಟೇ ಕಥೆ. ಅವನು ಕ್ಯಾಸೆಟ್‌ನಲ್ಲಿ ಹಾಡು ಕೇಳುತ್ತಾನೆ, ಮರ ನೋಡುತ್ತಾನೆ, ಮಲಗುತ್ತಾನೆ. ಆ ಪಾತ್ರಕ್ಕೆ ಕೋಜಿ ಯಾಕುಶೊಗೆ 2023ರಲ್ಲಿ ಕಾನ್ ಚಿತ್ರೋತ್ಸವದ ಪ್ರಶಸ್ತಿ ಬಂತು, ಸರಿಯಾಗೇ ಬಂತು. ಆದರೂ ಒಬ್ಬನೇ ಇರುವಾಗ ನೋಡುವ ಸಿನಿಮಾ ಅಲ್ಲ. ಬಂದ ಹೊಸದರಲ್ಲಂತೂ ಬೇಡವೇ ಬೇಡ.

ಶನಿವಾರ ಬೆಳಿಗ್ಗೆ 'ಭೂತಯ್ಯನ ಮಗ ಅಯ್ಯು'. 1974ರದ್ದು. ಉಪ್ಪಿನಕಾಯಿ ದೃಶ್ಯಕ್ಕೆ ಈಗಲೂ ಬಾಯಲ್ಲಿ ನೀರು. ಎಂ.ಪಿ. ಶಂಕರ್ ಮೈಸೂರಿನವರು ಅಂತ ನಮ್ಮಪ್ಪ ಪ್ರತಿ ಸಲ ಹೇಳುತ್ತಿದ್ದರು. ಈಗ ಮಕ್ಕಳಿಗೆ ನಾನು ಹೇಳುತ್ತೇನೆ, ಅವರು ಹೂಂ ಅನ್ನುತ್ತಾರೆ.

ಮಧ್ಯಾಹ್ನ ಮುದ್ದೆ ತಿಂದು 'ತಿಥಿ' ನೋಡಿದೆ. ಮಂಡ್ಯ ಕಡೆಯ ನೊದೆಕೊಪ್ಪಲಿನ ಜನರೇ ಪಾತ್ರ ಮಾಡಿರೋದು, ನಟನೆ ಗೊತ್ತಿಲ್ಲದವರು. ಆ ಸಿನಿಮಾ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದಾಗ ನಾನು ಆಫೀಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸತ್ತ ಅಜ್ಜನ ಹನ್ನೊಂದನೇ ದಿನದೊಳಗೆ ಜಮೀನು ಮಾರಿಬಿಡಬೇಕು ಅಂತ ಮೊಮ್ಮಗನ ಒದ್ದಾಟ. ಆ ಮೊಮ್ಮಗನ ಅಪ್ಪ ಗಡ್ಡಪ್ಪ, ಅವನಿಗೆ ತನ್ನಪ್ಪ ಸತ್ತಿದ್ದೂ ಲೆಕ್ಕಕ್ಕಿಲ್ಲ, ಜಮೀನೂ ಲೆಕ್ಕಕ್ಕಿಲ್ಲ, ಹೊಲದಲ್ಲಿ ಅಲೆಯುತ್ತಾನೆ. ಅಂಥವರೊಬ್ಬರು ನಿಮ್ಮೂರಲ್ಲೂ ಇರುತ್ತಾರೆ, ಅಲ್ವಾ? ನನಗೆ ಇದಕ್ಕಿಂತ ಒಳ್ಳೆ ಮಂಡ್ಯದ ಸಿನಿಮಾ ಗೊತ್ತಿಲ್ಲ.

ಭಾನುವಾರದ್ದು 'ಅಮೆರಿಕಾ ಅಮೆರಿಕಾ'. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು.

ನಾನು ಬಂದಿಳಿದಾಗ ಜನವರಿ. ಮನೆಯಲ್ಲಿ ಮೂವರು. ಒಬ್ಬ ನಾಗಮಂಗಲದವನು, ಒಬ್ಬ ಹುಬ್ಬಳ್ಳಿಯವನು, ಮೈಸೂರಿನವನು ನಾನು. ಇಂಡಿಯನ್ ದಿನಸಿ ಅಂಗಡಿಯಲ್ಲಿ ಡಿವಿಡಿ ಬಾಡಿಗೆಗೆ ಕೊಡುತ್ತಿದ್ದರು. ಹಿಂದಿ, ತೆಲುಗು ರಾಶಿ, ಕನ್ನಡದ್ದು ಮೂಲೆಯಲ್ಲಿ ನಾಲ್ಕು. ಅದರಲ್ಲಿ ಇದೊಂದು. ನಿರ್ದೇಶಕ ನಾಗತಿಹಳ್ಳಿ ಚಂದ್ರಶೇಖರ್ ನಮ್ಮ ತಾಲ್ಲೂಕಿನವರು ಅಂತ ನಾಗಮಂಗಲದವನ ಜಂಭ ಬೇರೆ. ಊರಲ್ಲೇ ಉಳಿಯುವವನು ಸರಿಯೋ, ಹೊರಟು ಬಂದವನು ಸರಿಯೋ ಅಂತ ಸಿನಿಮಾ ಮುಗಿದ ಮೇಲೆ ಶುರುವಾದ ಜಗಳ ರಾತ್ರಿ ಎರಡರವರೆಗೆ ನಡೆಯಿತು. ಮೇಲಿನ ಮನೆಯವರು ನೆಲ ಕುಟ್ಟಿದರು. ಆಮೇಲೆ ಪ್ರತಿ ಶನಿವಾರ ಅದೇ ಕೆಲಸ. ಸಿನಿಮಾ ಕೆಟ್ಟದಿದ್ದಷ್ಟೂ ಮಾತು ಜಾಸ್ತಿ.

2009ರಲ್ಲಿ ನಾಗಮಂಗಲದವನ ಕೆಲಸ ಹೋಯಿತು. ಈ ವೀಸಾದಲ್ಲಿ ಈಗ ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳೋಕೆ 60 ದಿನದವರೆಗೆ ಸಮಯ ಇರುತ್ತೆ. 2017ಕ್ಕೆ ಮುಂಚೆ ಅಂಥ ನಿಯಮವೇ ಇರಲಿಲ್ಲ. ಸೋಮವಾರ ಕರೆದು ಹೇಳಿದರು, ಆ ವಾರವೇ ಅವನು ಸೂಟ್‌ಕೇಸ್ ಕಟ್ಟಿದ. ಹುಬ್ಬಳ್ಳಿಯವನು ಟೆಕ್ಸಸ್‌ಗೆ ಹೋದ. ಇಬ್ಬರೂ ಚೆನ್ನಾಗಿದ್ದಾರೆ, ಹಬ್ಬಕ್ಕೆ ಮೆಸೇಜ್ ಬರುತ್ತೆ. ಆದರೆ ಜಗಳ ಆಡೋಕೆ ಆಗಲ್ಲ. ಮೆಸೇಜಿನಲ್ಲಿ ಎಂಥ ಜಗಳ?

ಆಮೇಲೆ ಸಿಕ್ಕ ಸ್ನೇಹಿತರೂ ಒಳ್ಳೆಯವರೇ. ಅವರ ಜೊತೆ ಸ್ಕೂಲು, ಮನೆ ಸಾಲ, ಗ್ರೀನ್ ಕಾರ್ಡ್ ಮಾತಾಡುತ್ತೇವೆ. ಸಿನಿಮಾ ಹೇಗಿತ್ತು ಅಂದರೆ "ಚೆನ್ನಾಗಿತ್ತು" ಅಂದು ಕಾರ್ ಹತ್ತುತ್ತಾರೆ. ಮೈಸೂರಿನ ಶಾಂತಲಾ ಟಾಕೀಸಿನಲ್ಲಿ ಸೆಕೆಂಡ್ ಶೋ ಬಿಟ್ಟ ಮೇಲೆ ಸೈಕಲ್ ತಳ್ಳಿಕೊಂಡು ಕಥೆಯನ್ನು ಮತ್ತೆ ಬರೆದು ಮನೆ ಸೇರುತ್ತಿದ್ದವನಿಗೆ ಇದು ಇನ್ನೂ ಅಭ್ಯಾಸವಾಗಿಲ್ಲ. ಆ ಶಾಂತಲಾ ಕೂಡ 2020ರಲ್ಲಿ ಬಾಗಿಲು ಹಾಕಿತು. ಕೊರೊನಾ ಕಾಲ. ನಾನು ಇಲ್ಲೇ ಇದ್ದೆ, ಸುದ್ದಿ ಫೋನಿನಲ್ಲಿ ಬಂತು.

ಭಾನುವಾರ ಮತ್ತೆ ನೋಡಿದಾಗ ಸಿನಿಮಾ ಹೇಗಿತ್ತು ಅಂತೀಯಾ? ಮನೋಮೂರ್ತಿ ಹಾಡುಗಳು ಹಾಗೇ ಇವೆ. ಎರಡನೇ ಅರ್ಧ ಎಳೆದಂತಾಯಿತು. ಊರಲ್ಲೇ ಉಳಿದ ಸೂರ್ಯ ಉಪದೇಶ ಸ್ವಲ್ಪ ಜಾಸ್ತಿ ಮಾಡುತ್ತಾನೆ ಅಂತ ಅವತ್ತೇ ವಾದ ಮಾಡಿದ್ದೆ, ಇವತ್ತೂ ಹಾಗೇ ಅನಿಸಿತು. ಇಲ್ಲ ಅನ್ನೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಅದಕ್ಕೇ ಹೇಳೋದು, ಮನೆ ಹುಡುಕುವಾಗ ಬಾಡಿಗೆ ಐವತ್ತು ಡಾಲರ್ ಜಾಸ್ತಿಯಾದರೂ ಮಾತಾಡುವ ಹುಡುಗರಿರುವ ಮನೆ ನೋಡು. ಅವರೂ ಒಂದು ದಿನ ಎಲ್ಲಾದರೂ ಹೋಗುತ್ತಾರೆ, ವೀಸಾ ಬದುಕೇ ಹಾಗೆ. ಹೋದವರಿಗೆ ಫೋನ್ ಮಾಡೋದು ಬಿಡಬೇಡ.

ರಾಗಿ ಹಿಟ್ಟು ಇಲ್ಲಿ ಸಿಗುತ್ತೆ, ಹೊತ್ತು ತರಬೇಡ. ಮದ್ದೂರು ವಡೆ ತಂದರೆ ಬೇಡ ಅನ್ನಲ್ಲ. ಬಂದ ವಾರವೇ ಫೋನ್ ಮಾಡು, ಶನಿವಾರ ಮನೆಗೆ ಬಾ. ಯಾವ ಸಿನಿಮಾ ಅಂತ ನೀನೇ ಆರಿಸು. ದೆವ್ವದ್ದು ಮಾತ್ರ ಬೇಡ, ನಿಮ್ಮ ಅತ್ತಿಗೆ ರಾತ್ರಿಯೆಲ್ಲ ದೀಪ ಆರಿಸೋಕೆ ಬಿಡಲ್ಲ.